ಸಕ್ಕರೆ ಕಡಿಮೆ, ರುಚಿ ಜಾಸ್ತಿ: ಮನೆಯಲ್ಲೇ ಕೂಲ್‌ಡ್ರಿಂಕ್ಸ್ ಮಾಡಿಕೊಳ್ಳುವುದು ಹೇಗೆ?

330 ಮಿಲಿಲೀಟರ್‌ನ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ ಎಂಟರಿಂದ ಒಂಬತ್ತು ಟೀ ಚಮಚ. ಅಷ್ಟು ಸಕ್ಕರೆಯನ್ನು ಬರೀ ನೀರಿಗೆ ಕಲಸಿ ಕೊಟ್ಟರೆ ಎರಡು ಗುಟುಕು ಕುಡಿಯುವುದೂ ಕಷ್ಟ, ಅಲ್ವಾ? ಕೂಲ್‌ಡ್ರಿಂಕ್ಸ್‌ನಲ್ಲಿ ಮಾತ್ರ ಅದು ಗೊತ್ತೇ ಆಗುವುದಿಲ್ಲ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಮಂಕಾಗಿ ತಿಳಿಯುತ್ತದೆ. ಜೊತೆಗಿರುವ ಹುಳಿ ಆ ಸಿಹಿಯನ್ನು ಮತ್ತಷ್ಟು ಮರೆಮಾಡುತ್ತದೆ. ಅದೇ ಕೋಲಾವನ್ನು ಲೋಟಕ್ಕೆ ಸುರಿದು, ಗ್ಯಾಸ್ ಹೋಗಿ ಬೆಚ್ಚಗಾಗುವ ತನಕ ಬಿಟ್ಟು ಕುಡಿದು ನೋಡಿ. ಬಾಯೆಲ್ಲ ಅಂಟಂಟಾಗುವಷ್ಟು ಸಿಹಿ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಒಂದು ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ ನಾವು ಪಡೆಯುವ ಒಟ್ಟು ಕ್ಯಾಲೊರಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎಂದು ಅದು ಹೇಳುತ್ತದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಒಂದೇ ಒಂದು ಕ್ಯಾನು ಎರಡನೇ ಮಿತಿಯನ್ನು ದಾಟಿಬಿಡುತ್ತದೆ. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಜೇನುತುಪ್ಪ, ಪಾಕ, ಹಣ್ಣಿನ ರಸದಲ್ಲಿರುವ ಸಕ್ಕರೆ ಕೂಡ ಈ ಲೆಕ್ಕಕ್ಕೇ ಸೇರುತ್ತದೆ. ಕಿತ್ತಳೆ ರಸದಲ್ಲಿ 100 ಮಿಲಿಲೀಟರ್‌ಗೆ 8ರಿಂದ 10 ಗ್ರಾಂ ಸಕ್ಕರೆ ಇರುತ್ತದೆ, ಕೋಲಾಗೆ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ ಕೋಲಾ ಬಿಟ್ಟು ದೊಡ್ಡ ಲೋಟದಲ್ಲಿ ಜ್ಯೂಸ್ ಕುಡಿಯಲು ಶುರು ಮಾಡಿದರೆ ಸಕ್ಕರೆಯ ಮಟ್ಟಿಗೆ ಹೆಚ್ಚೇನೂ ಬದಲಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕೂಲ್‌ಡ್ರಿಂಕ್ಸ್‌ನಲ್ಲಿ ನಮಗೆ ಇಷ್ಟವಾಗುವುದು ಏನು ಎಂದು ಬಿಡಿಸಿ ನೋಡಬೇಕು. ತಂಪು, ಗ್ಯಾಸಿನ ಚುರುಕು, ಹುಳಿ, ಪರಿಮಳ, ಸಿಹಿ. ಈ ಐದರಲ್ಲಿ ಮೊದಲ ನಾಲ್ಕನ್ನು ಸರಿಯಾಗಿ ಮಾಡಿದರೆ ಐದನೆಯದನ್ನು ಕಾಲುಭಾಗಕ್ಕೆ ಇಳಿಸಬಹುದು, ಕುಡಿಯುವವರಿಗೆ ಏನೋ ಕಳೆದುಕೊಂಡೆವು ಅನ್ನಿಸುವುದಿಲ್ಲ. ಬಹಳ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಸಕ್ಕರೆ ತೆಗೆದು, ಸಪ್ಪೆ ನೀರು ಕುಡಿದು, ಮೂರೇ ದಿನಕ್ಕೆ ಮತ್ತೆ ಕ್ಯಾನಿಗೆ ಮರಳುತ್ತಾರೆ. ಈ ಲೇಖನದ ಎಲ್ಲ ಪಾನೀಯಗಳನ್ನೂ ಆ ನಾಲ್ಕು ಗುಣಗಳ ಮೇಲೆ ಕಟ್ಟಲಾಗಿದೆ. ಸಕ್ಕರೆ ಕೊನೆಗೆ ಬರುತ್ತದೆ, ಅದೂ ಅಳತೆ ಮಾಡಿ.

ಮೊದಲು ಗ್ಯಾಸು

ಗುಳ್ಳೆ ಅಂದರೆ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್. ಇದರ ಬಗ್ಗೆ ಒಂದೇ ಒಂದು ನಿಯಮ ನೆನಪಿಟ್ಟುಕೊಂಡರೆ ಸಾಕು: ನೀರು ತಣ್ಣಗಿದ್ದಷ್ಟೂ ಗ್ಯಾಸ್ ಜಾಸ್ತಿ ಕರಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ನೀರಿಗಿಂತ 0 ಡಿಗ್ರಿಯ ಹತ್ತಿರದ ನೀರು ಸುಮಾರು ಎರಡು ಪಟ್ಟು ಗ್ಯಾಸ್ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನೀರು, ಲೋಟ, ಸಿರಪ್ ಎಲ್ಲವೂ ಫ್ರಿಜ್‌ನಲ್ಲಿದ್ದು ತಣ್ಣಗಾಗಿರಬೇಕು. ಬೆಚ್ಚಗಿನ ಸಿರಪ್ ಮೇಲೆ ಸೋಡಾ ಸುರಿದರೆ ಅರ್ಧ ಗ್ಯಾಸ್ ಅಲ್ಲೇ ನೊರೆಯಾಗಿ ಹೋಗಿಬಿಡುತ್ತದೆ.

ಗ್ಯಾಸ್ ತುಂಬಿದ ನೀರು ಪಡೆಯಲು ನಾಲ್ಕು ದಾರಿಗಳಿವೆ.

ಬಾಟಲಿ ಸೋಡಾ ನೀರು ತರುವುದು ಎಲ್ಲಕ್ಕಿಂತ ಸುಲಭ. ಲೇಬಲ್ ಮಾತ್ರ ಓದಿ. ಬರೀ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಇದ್ದರೆ ಒಳ್ಳೆಯದು. ಕ್ಲಬ್ ಸೋಡಾ ಎಂದು ಬರೆದಿದ್ದರೆ ಅದರಲ್ಲಿ ಸೋಡಿಯಂ ಇರುವ ಲವಣಗಳನ್ನು ಸೇರಿಸಿರುತ್ತಾರೆ. ರಕ್ತದೊತ್ತಡ ಇರುವವರು ಗಮನಿಸಬೇಕು. ಟಾನಿಕ್ ವಾಟರ್ ನೋಡಲು ಸೋಡಾ ನೀರಿನಂತೆಯೇ ಇದ್ದರೂ ಸಾಮಾನ್ಯವಾಗಿ ಅದರಲ್ಲಿ ಸಾಕಷ್ಟು ಸಕ್ಕರೆ ಇರುತ್ತದೆ.

ಎರಡನೆಯದು ಮನೆಯ ಸೋಡಾ ಯಂತ್ರ. ವಾರಕ್ಕೆ ಹಲವು ಬಾಟಲಿ ಬೇಕಾಗುವ ಮನೆಗೆ ಇದು ಒಗ್ಗುತ್ತದೆ, ಪ್ಲಾಸ್ಟಿಕ್ ಕಸವೂ ಕಡಿಮೆಯಾಗುತ್ತದೆ. ಇಲ್ಲಿ ಪಾಲಿಸಬೇಕಾದ ಮಾತು ಒಂದೇ: ಯಂತ್ರಕ್ಕೆ ಬರೀ ನೀರು ಹಾಕಿ. ನಿಂಬೆರಸ, ಸಿರಪ್, ಜ್ಯೂಸ್ ಏನಿದ್ದರೂ ಗ್ಯಾಸ್ ತುಂಬಿದ ಮೇಲೆ ಬೆರೆಸಬೇಕು. ಮೊದಲೇ ಹಾಕಿದರೆ ನೊರೆ ಉಕ್ಕಿ ಯಂತ್ರದ ಒಳಗೆಲ್ಲ ಅಂಟಾಗುತ್ತದೆ. ಯಂತ್ರದ ತಯಾರಕರು ಬೇರೆ ರೀತಿ ಹೇಳಿದ್ದರೆ ಮಾತ್ರ ಬೇರೆ ಮಾತು.

ಮೂರನೆಯದು ಸೈಫನ್ ಬಾಟಲಿ, ಅಂದರೆ ಗ್ಯಾಸ್ ಕಾರ್ಟ್ರಿಡ್ಜ್ ಸಿಕ್ಕಿಸಿ ನೀರಿಗೆ ಗುಳ್ಳೆ ತುಂಬುವ ಗಟ್ಟಿ ಬಾಟಲಿ. ಒಂದು ಲೀಟರ್‌ಗೆ 8 ಗ್ರಾಂ ಗ್ಯಾಸಿನ ಪುಟ್ಟ ಕಾರ್ಟ್ರಿಡ್ಜ್ ಬಳಸುತ್ತಾರೆ. ಕೆನೆ ನೊರೆ ಮಾಡಲು ಬಳಸುವ ನೈಟ್ರಸ್ ಆಕ್ಸೈಡ್ ಕಾರ್ಟ್ರಿಡ್ಜ್ ಕೂಡ ನೋಡಲು ಹಾಗೇ ಇರುತ್ತದೆ. ಕೊಳ್ಳುವಾಗ ಕಾರ್ಬನ್ ಡೈಆಕ್ಸೈಡ್ ಎಂದೇ ಬರೆದಿರುವುದನ್ನು ನೋಡಿ ಕೊಳ್ಳಿ.

ನಾಲ್ಕನೆಯ ದಾರಿ ಹುದುಗಿಸುವುದು. ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ, ಆ ಗ್ಯಾಸನ್ನು ಬಾಟಲಿಯಲ್ಲೇ ಹಿಡಿದಿಡುತ್ತೇವೆ. ಸೋಡಾ ನೀರಿನ ಕಥೆ ಶುರುವಾಗಿದ್ದೂ ಹುದುಗಿನಿಂದಲೇ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ತಯಾರಿಸುವ ಜಾಗದ ಪಕ್ಕದಲ್ಲೇ ವಾಸವಾಗಿದ್ದರು. ಹುದುಗುತ್ತಿದ್ದ ತೊಟ್ಟಿಯ ಮೇಲೆ ನಿಂತಿದ್ದ ಗ್ಯಾಸನ್ನು ನೀರಿಗೆ ಬೆರೆಸಿದರೆ ನೀರು ಚುರುಗುಟ್ಟುತ್ತದೆ ಎಂದು ಅವರು ಕಂಡುಕೊಂಡರು. 1772ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ಹುದುಗಿಸುವ ವಿಧಾನಕ್ಕೆ ತಾಳ್ಮೆ ಬೇಕು, ಎಚ್ಚರವೂ ಬೇಕು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಎರಡು ವಿಷಯಗಳನ್ನು ಮಾತ್ರ ಮಾಡಲೇಬೇಡಿ. ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್ ಬೆರೆಸಿ ದಿನಾ ಗುಳ್ಳೆ ಬರಿಸಿಕೊಳ್ಳುವುದು ಬೇಡ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2000 ಮಿಲಿಗ್ರಾಂ ಒಳಗಿರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇನ್ನೊಂದು, ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ತುಂಡನ್ನು ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸುವುದು. ಒತ್ತಡ ಏರಿ ಬಾಟಲಿ ಸಿಡಿಯುತ್ತದೆ, ಕಣ್ಣು ಹೋದ ಉದಾಹರಣೆಗಳಿವೆ.

ಮೊದಲ ಪಾನೀಯ: ಶುಂಠಿ ನಿಂಬೆ

ಯಾವುದರಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಶುಂಠಿಯ ಖಾರ ಗಂಟಲಲ್ಲಿ ಉಳಿಯುತ್ತದೆ. ಬಾಯಿಗೆ ಅಷ್ಟು ಕೆಲಸ ಸಿಕ್ಕಿದಾಗ ಸಕ್ಕರೆ ಕಡಿಮೆ ಇದೆ ಅನ್ನುವ ಕಡೆಗೆ ಗಮನ ಹೋಗುವುದಿಲ್ಲ.

ಬೇಕಾಗುವುದು: 100 ಗ್ರಾಂ ಹಸಿ ಶುಂಠಿ, 400 ಮಿಲಿಲೀಟರ್ ನೀರು, 100 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು. ಕುಡಿಯುವಾಗ ನಿಂಬೆ ಮತ್ತು ಸೋಡಾ ನೀರು.

1. ಶುಂಠಿಯನ್ನು ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ ಅಥವಾ ಜಜ್ಜಿ. ಸಿಪ್ಪೆ ತೆಗೆಯುವ ಅಗತ್ಯವಿಲ್ಲ.
2. ನೀರಿಗೆ ಹಾಕಿ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಕುದಿಸಿ. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಇಲ್ಲದಿದ್ದರೆ ಪರಿಮಳವೆಲ್ಲ ಅಡುಗೆಮನೆಯ ಪಾಲಾಗುತ್ತದೆ.
3. ಒಲೆ ಆರಿಸಿ ಅರ್ಧ ಗಂಟೆ ಹಾಗೇ ಬಿಡಿ. ಆಮೇಲೆ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಹಿಂಡಿ. ಸುಮಾರು 300 ಮಿಲಿಲೀಟರ್ ಕಷಾಯ ಸಿಗಬೇಕು. ಕಡಿಮೆ ಬಂದರೆ ನೀರು ಸೇರಿಸಿ ಸರಿಮಾಡಿಕೊಳ್ಳಿ.
4. ಬಿಸಿ ಇರುವಾಗಲೇ ಸಕ್ಕರೆ ಮತ್ತು ಉಪ್ಪು ಹಾಕಿ ಕರಗಿಸಿ. ತಣ್ಣಗಾದ ಮೇಲೆ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ.

ಈಗ ನಿಮ್ಮ ಬಳಿ ಸುಮಾರು 350 ಮಿಲಿಲೀಟರ್ ಸಿರಪ್ ಇದೆ. 25 ಮಿಲಿಲೀಟರ್ ಸಿರಪ್, ಅರ್ಧ ನಿಂಬೆಯ ರಸ, ಮೇಲೆ 200 ಮಿಲಿಲೀಟರ್ ತಣ್ಣನೆಯ ಸೋಡಾ ನೀರು. ಲೋಟವನ್ನು ಓರೆ ಮಾಡಿ ಸೋಡಾವನ್ನು ಗೋಡೆಗುಂಟ ಇಳಿಸಿ, ಚಮಚದಿಂದ ಒಂದೇ ಸಲ ಮೆಲ್ಲಗೆ ಎತ್ತಿ ಬೆರೆಸಿ. ಜೋರಾಗಿ ಕಲಕಿದರೆ ಗ್ಯಾಸ್ ಹೋಗುತ್ತದೆ. ಈ ಲೋಟದಲ್ಲಿ ಸುಮಾರು 7 ಗ್ರಾಂ ಸಕ್ಕರೆ ಇದೆ. ಅಷ್ಟೇ ದೊಡ್ಡ ಲೋಟದ ಕೋಲಾದಲ್ಲಿ 25 ಗ್ರಾಂ ಹತ್ತಿರ ಇರುತ್ತದೆ.

ಆ ಚಿಟಿಕೆ ಉಪ್ಪನ್ನು ಬಿಡಬೇಡಿ. ಉಪ್ಪಿನ ರುಚಿ ಗೊತ್ತಾಗುವಷ್ಟು ಹಾಕಬಾರದು. ತೀರಾ ಸ್ವಲ್ಪ ಉಪ್ಪು ಕಹಿಯನ್ನು ತಗ್ಗಿಸಿ ಸಿಹಿಯನ್ನು ಎತ್ತಿ ತೋರಿಸುತ್ತದೆ. ಸಕ್ಕರೆ ಇಳಿಸುವ ಕೆಲಸದಲ್ಲಿ ಇಷ್ಟು ಸುಲಭದ ಸಹಾಯ ಇನ್ನೊಂದಿಲ್ಲ. ಚಕ್ಕೆ ಮತ್ತು ವೆನಿಲ್ಲಾ ಕೂಡ ಇದೇ ಕೆಲಸಕ್ಕೆ ಬರುತ್ತವೆ. ಅವುಗಳಲ್ಲಿ ಅಂಥ ಸಿಹಿಯೇನೂ ಇಲ್ಲದಿದ್ದರೂ, ಸಿಹಿ ತಿಂಡಿಗಳ ಜೊತೆ ಕೂಡಿಬಂದ ಪರಿಮಳವಾದ್ದರಿಂದ ಪಾನೀಯ ಇರುವುದಕ್ಕಿಂತ ಹೆಚ್ಚು ಸಿಹಿಯಾಗಿದೆ ಅನ್ನಿಸುತ್ತದೆ.

ಸಿಪ್ಪೆಯಲ್ಲಿರುವ ಪರಿಮಳ

ನಿಂಬೆ, ಕಿತ್ತಳೆಗಳ ಹುಳಿ ರಸದಲ್ಲಿದ್ದರೆ ಪರಿಮಳ ಸಿಪ್ಪೆಯ ಎಣ್ಣೆಯಲ್ಲಿರುತ್ತದೆ. ನಾವು ರಸ ಹಿಂಡಿ ಸಿಪ್ಪೆ ಎಸೆಯುತ್ತೇವೆ. ಅದೇ ಎಣ್ಣೆಯನ್ನು ಕೂಲ್‌ಡ್ರಿಂಕ್ಸ್ ಕಂಪನಿಗಳು ಜೋಪಾನವಾಗಿ ಬಳಸುತ್ತವೆ. ಲೆಮನ್ ಸೋಡಾದ ಆ ಘಮ ಬರುವುದೇ ಅಲ್ಲಿಂದ.

ನಾಲ್ಕು ನಿಂಬೆಹಣ್ಣನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಮೇಲಿನ ಬಣ್ಣದ ಪದರವನ್ನು ಮಾತ್ರ ತೆಳ್ಳಗೆ ಹೆರೆದು ತೆಗೆಯಿರಿ. ಬಿಳಿ ಭಾಗ ಬಂದರೆ ಕಹಿಯಾಗುತ್ತದೆ. ಸಿಪ್ಪೆಗೆ 50 ಗ್ರಾಂ ಸಕ್ಕರೆ ಹಾಕಿ ಕೈಯಿಂದ ಚೆನ್ನಾಗಿ ಉಜ್ಜಿ, ಮುಚ್ಚಿ ನಾಲ್ಕರಿಂದ ಆರು ಗಂಟೆ ಬಿಡಿ. ಸಕ್ಕರೆ ಎಣ್ಣೆಯನ್ನು ಎಳೆದುಕೊಂಡು ಒದ್ದೆ ಮರಳಿನಂತಾಗುತ್ತದೆ. ಆಮೇಲೆ ಅದೇ ಹಣ್ಣುಗಳ ರಸವನ್ನು, ಸುಮಾರು 100 ಮಿಲಿಲೀಟರ್, ಅದಕ್ಕೆ ಹಿಂಡಿ ಸಕ್ಕರೆ ಕರಗುವ ತನಕ ಕಲಕಿ ಸೋಸಿ. ಒಲೆಯ ಕೆಲಸವೇ ಇಲ್ಲ. ಹಣ್ಣಿನ ಗಾತ್ರ ಸಣ್ಣದಿದ್ದರೆ ಇನ್ನೆರಡು ಸೇರಿಸಿಕೊಳ್ಳಿ.

ಇದು ತುಂಬಾ ಗಾಢ. ಒಂದು ಲೋಟ ಸೋಡಾ ನೀರಿಗೆ 15 ಮಿಲಿಲೀಟರ್, ಅಂದರೆ ಒಂದು ದೊಡ್ಡ ಚಮಚ ಸಾಕು. ಸಕ್ಕರೆ 6 ಗ್ರಾಂ ಒಳಗೇ ಇರುತ್ತದೆ. ಕಿತ್ತಳೆಯಲ್ಲೂ ಹೀಗೇ ಮಾಡಬಹುದು, ಆದರೆ ಕಿತ್ತಳೆಯ ರಸಕ್ಕೆ ಹುಳಿ ಸಾಲದು, ಜೊತೆಗೆ ಒಂದು ನಿಂಬೆ ಬೇಕೇ ಬೇಕು. ದ್ರಾಕ್ಷಿಹಣ್ಣಿನಂತೆ ಗೊಂಚಲಲ್ಲಿ ಬೆಳೆಯುವ, ಕಹಿ ರುಚಿಯ ದೊಡ್ಡ ಗ್ರೇಪ್‌ಫ್ರೂಟ್ ಕೂಡ ಇದಕ್ಕೆ ಚೆನ್ನಾಗಿರುತ್ತದೆ. ಆದರೆ ಅದು ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳೂ ಸೇರಿದಂತೆ ಹಲವು ಔಷಧಿಗಳ ಪರಿಣಾಮವನ್ನು ಬದಲಿಸುತ್ತದೆ. ದಿನಾ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬೇಡಿ.

ಹಣ್ಣು, ಸಕ್ಕರೆ, ವಿನೆಗರ್

ವಿನೆಗರ್ ಹಾಕಿದ ಹಣ್ಣಿನ ಸಿರಪ್ ಅಂದಾಗ ಮುಖ ಸಿಂಡರಿಸುವವರೇ ಜಾಸ್ತಿ. ಒಮ್ಮೆ ರುಚಿ ನೋಡಿದವರು ಮಾತ್ರ ಬಿಡುವುದಿಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಹಣ್ಣನ್ನು ಕೆಡದಂತೆ ಇಡಲು ಬಳಸುತ್ತಿದ್ದ ವಿಧಾನ ಇದು. ಇಂಗ್ಲಿಷಿನಲ್ಲಿ ಶ್ರಬ್ ಎನ್ನುತ್ತಾರೆ. ವಿನೆಗರಿನ ಹುಳಿ ನಿಂಬೆಯ ಹುಳಿಯಂತೆ ಥಟ್ಟನೆ ಬಂದು ಹೋಗುವುದಿಲ್ಲ, ಬಾಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಹಳೆಯ ಅಳತೆಯಲ್ಲಿ ಹಣ್ಣು, ಸಕ್ಕರೆ, ವಿನೆಗರ್ ಮೂರೂ ಸಮ. ಫ್ರಿಜ್ ಇರುವ ನಾವು ಸಕ್ಕರೆ ಮತ್ತು ವಿನೆಗರನ್ನು ಅರ್ಧಕ್ಕೆ ಇಳಿಸಬಹುದು. 200 ಗ್ರಾಂ ಮಾಗಿದ ಹಣ್ಣನ್ನು ಕಿವುಚಿ, 100 ಗ್ರಾಂ ಸಕ್ಕರೆ ಬೆರೆಸಿ, ಗಾಜಿನ ಜಾಡಿಯಲ್ಲಿ ಮುಚ್ಚಿ ಒಂದು ದಿನ ಫ್ರಿಜ್‌ನಲ್ಲಿಡಿ. ಹಣ್ಣಿನ ನೀರೆಲ್ಲ ಬಿಟ್ಟುಕೊಂಡು ರಸ ತುಂಬಿರುತ್ತದೆ. ಅದನ್ನು ಸೋಸಿ, 100 ಮಿಲಿಲೀಟರ್ ವಿನೆಗರ್ ಸೇರಿಸಿ. ಸೇಬಿನ ವಿನೆಗರ್ ಆದರೆ ರುಚಿ ಮೃದುವಾಗಿರುತ್ತದೆ. ಇನ್ನೆರಡು ದಿನ ಫ್ರಿಜ್‌ನಲ್ಲೇ ಬಿಟ್ಟರೆ ವಿನೆಗರಿನ ಮೂಗಿಗೆ ಹೊಡೆಯುವ ವಾಸನೆ ಇಳಿಯುತ್ತದೆ. ಒಂದು ಲೋಟ ಸೋಡಾ ನೀರಿಗೆ ಒಂದು ದೊಡ್ಡ ಚಮಚ.

ಸ್ಟ್ರಾಬೆರಿ, ದ್ರಾಕ್ಷಿ, ಪ್ಲಮ್, ಅನಾನಸ್ ಎಲ್ಲವೂ ಆಗುತ್ತವೆ. ಬಾಳೆಹಣ್ಣು ಆಗುವುದಿಲ್ಲ, ಗಂಜಿಯಾಗುತ್ತದೆ. ಸ್ವಲ್ಪ ಹೆಚ್ಚೇ ಮಾಗಿ ಮೆತ್ತಗಾದ ಹಣ್ಣಿಗೆ ಇದು ಒಳ್ಳೆಯ ದಾರಿ. ಕೊಳೆತ ಅಥವಾ ಬೂಷ್ಟು ಹಿಡಿದ ಹಣ್ಣನ್ನು ಮಾತ್ರ ಹಾಕಬೇಡಿ. ಅಲ್ಯೂಮಿನಿಯಂ ಅಥವಾ ತಾಮ್ರದ ಪಾತ್ರೆಯಲ್ಲಿ ವಿನೆಗರ್ ಇಡಬಾರದು, ಹುಳಿಗೆ ಲೋಹ ಬಿಡುತ್ತದೆ.

ಕೋಲಾ ರುಚಿಯೇ ಬೇಕು ಎನ್ನುವವರಿಗೆ

ನಿಂಬೆ, ಶುಂಠಿ ಎಲ್ಲ ಸರಿ, ನನಗೆ ಕೋಲಾನೇ ಬೇಕು ಎನ್ನುವವರಿದ್ದಾರೆ. ಅವರಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ, ಆ ರುಚಿಯನ್ನೇ ಮಾಡಿಕೊಡಬೇಕು. ಕೋಲಾದ ರುಚಿ ಯಾವುದೋ ಒಂದು ಹಣ್ಣಿನದ್ದಲ್ಲ. ನಿಂಬೆ ಜಾತಿಯ ಸಿಪ್ಪೆ, ಚಕ್ಕೆ, ಜಾಯಿಕಾಯಿ, ಕೊತ್ತಂಬರಿ ಬೀಜ, ವೆನಿಲ್ಲಾ ಸೇರಿದಾಗ ಅದು ಹತ್ತಿರ ಹತ್ತಿರ ಬಂದುಬಿಡುತ್ತದೆ. ಬಣ್ಣ ಮತ್ತು ಆ ಸಣ್ಣ ಕಹಿ ಸುಟ್ಟ ಸಕ್ಕರೆಯಿಂದ ಬರುತ್ತದೆ.

1. ದಪ್ಪ ತಳದ ಪಾತ್ರೆಯಲ್ಲಿ 80 ಗ್ರಾಂ ಸಕ್ಕರೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಗಾಢ ಕಂದು ಬಣ್ಣ ಬರುವ ತನಕ ಬಿಡಿ. ಕಪ್ಪಾಗಬಾರದು.
2. ಒಲೆ ಆರಿಸಿ. 300 ಮಿಲಿಲೀಟರ್ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಜೋರಾಗಿ ಸಿಡಿಯುತ್ತದೆ. ಮುಖ ದೂರ ಇರಲಿ, ಕೈಗೆ ಬಟ್ಟೆ ಇರಲಿ, ಮಕ್ಕಳು ಹತ್ತಿರ ಇರಬಾರದು.
3. ಒಂದು ಬೆರಳುದ್ದ ಚಕ್ಕೆ, ಅರ್ಧ ಟೀ ಚಮಚ ಜಜ್ಜಿದ ಕೊತ್ತಂಬರಿ ಬೀಜ, ಎರಡು ಚಿಟಿಕೆ ಜಾಯಿಕಾಯಿ ತುರಿ ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸಿ. ಜಾಯಿಕಾಯಿ ಇದಕ್ಕಿಂತ ಹೆಚ್ಚು ಬೇಡ.
4. ಒಲೆ ಆರಿಸಿದ ಮೇಲೆ ಒಂದು ಕಿತ್ತಳೆ ಮತ್ತು ಎರಡು ನಿಂಬೆಯ ತೆಳು ಸಿಪ್ಪೆ ಹಾಕಿ ಮುಚ್ಚಿ. ಸಿಪ್ಪೆಯನ್ನು ಕುದಿಸಿದರೆ ಪರಿಮಳ ಹಾರಿ ಕಹಿ ಉಳಿಯುತ್ತದೆ.
5. ಪೂರ್ತಿ ತಣ್ಣಗಾದ ಮೇಲೆ ಸೋಸಿ. ಅರ್ಧ ಟೀ ಚಮಚ ವೆನಿಲ್ಲಾ ಎಸೆನ್ಸ್, 40 ಮಿಲಿಲೀಟರ್ ನಿಂಬೆರಸ ಸೇರಿಸಿ.

ಒಂದು ಲೋಟಕ್ಕೆ 30 ಮಿಲಿಲೀಟರ್ ಹಾಕಿದರೆ ಸಕ್ಕರೆ 8 ಗ್ರಾಂ ದಾಟುವುದಿಲ್ಲ. ಅಂಗಡಿಯ ಕೋಲಾದಲ್ಲಿರುವ ಫಾಸ್ಫಾರಿಕ್ ಆಸಿಡ್ ಇದರಲ್ಲಿ ಇಲ್ಲ, ಹಾಗಾಗಿ ಹುಳಿ ಸ್ವಲ್ಪ ಹಣ್ಣಿನ ಹುಳಿಯಂತಿರುತ್ತದೆ. ಕೆಫೀನ್ ಕೂಡ ಇಲ್ಲ. ದಿನಕ್ಕೆ ಎರಡು ಮೂರು ಕ್ಯಾನ್ ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನ ತಲೆನೋವು, ಮಂಪರು ಬರಬಹುದು. ಅದು ಸಕ್ಕರೆಯ ಕೊರತೆ ಎಂದುಕೊಂಡು ಮತ್ತೆ ಕ್ಯಾನ್ ಹಿಡಿಯುವವರುಂಟು. ಅದು ಬಹುತೇಕ ಕೆಫೀನ್ ಬಿಟ್ಟಿದ್ದರ ಪರಿಣಾಮ.

ಅಂಥವರಿಗೆ ಟೀ ಒಳ್ಳೆಯ ಮೆಟ್ಟಿಲು. 500 ಮಿಲಿಲೀಟರ್ ತಣ್ಣೀರಿಗೆ 10 ಗ್ರಾಂ ಟೀ ಎಲೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೋಸಿ. ಬಿಸಿನೀರು ಮುಟ್ಟದ ಕಾರಣ ಒಗರು ಕಡಿಮೆ, ಸಕ್ಕರೆ ಇಲ್ಲದೆಯೂ ಕುಡಿಯಬಹುದು. ಅರ್ಧ ಲೋಟ ಟೀ, ಅರ್ಧ ಲೋಟ ಸೋಡಾ, ಒಂದು ತುಂಡು ನಿಂಬೆ.

ಹುದುಗಿಸಿದ ಶುಂಠಿ ಪಾನೀಯ

ಮೇಲಿನವನ್ನೆಲ್ಲ ಮಾಡಿ ಕೈ ಪಳಗಿದ ಮೇಲೆ ಇದಕ್ಕೆ ಬನ್ನಿ. ಇದರ ಗುಳ್ಳೆ ಸಣ್ಣದು, ಮೃದು. ರುಚಿಗೂ ಒಂದು ಆಳ ಇರುತ್ತದೆ. ಶುಂಠಿಯ ಸಿಪ್ಪೆಯ ಮೇಲೆ ತಾನಾಗಿಯೇ ಇರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಇಲ್ಲಿ ಕೆಲಸ ಮಾಡುತ್ತವೆ.

ಮೊದಲು ಹುದುಗು ತಯಾರಿಸಬೇಕು. ಬಿಸಿನೀರಿನಲ್ಲಿ ತೊಳೆದ ಗಾಜಿನ ಜಾಡಿಗೆ 400 ಮಿಲಿಲೀಟರ್ ಕುದಿಸಿ ಆರಿಸಿದ ನೀರು, ಸಿಪ್ಪೆ ಸಮೇತ ತುರಿದ ಒಂದು ದೊಡ್ಡ ಚಮಚ ಶುಂಠಿ, ಒಂದು ದೊಡ್ಡ ಚಮಚ ಸಕ್ಕರೆ ಹಾಕಿ ಕಲಕಿ. ನೀರು ಕುದಿಸುವುದು ಕ್ಲೋರಿನ್ ಹೋಗಲಿ ಎಂದು. ಕ್ಲೋರಿನ್ ಇದ್ದರೆ ಹುದುಗು ಸರಿಯಾಗಿ ಏಳದಿರಬಹುದು. ಬಾಯಿಗೆ ಬಟ್ಟೆ ಕಟ್ಟಿ ಬೆಚ್ಚಗಿನ ಜಾಗದಲ್ಲಿಡಿ. ದಿನಕ್ಕೊಮ್ಮೆ ಅಷ್ಟೇ ಶುಂಠಿ, ಅಷ್ಟೇ ಸಕ್ಕರೆ ಸೇರಿಸಿ ಕಲಕಿ. ಸೆಕೆ ಇದ್ದರೆ ಮೂರು ದಿನಕ್ಕೆ, ಚಳಿ ಇದ್ದರೆ ವಾರಕ್ಕೆ ಮೇಲೆಲ್ಲ ಗುಳ್ಳೆ ಬಂದು, ಕಲಕಿದಾಗ ಸುರ್ ಎಂದು ಸದ್ದು ಬರುತ್ತದೆ. ವಾಸನೆ ಹುಳಿಯಾಗಿ, ತಾಜಾ ಶುಂಠಿಯಂತೆ ಇರಬೇಕು. ಮೇಲೆ ಹಸಿರು, ಕಪ್ಪು ಅಥವಾ ಹತ್ತಿಯಂಥ ಬೂಷ್ಟು ಕಂಡರೆ ಮೇಲಿನದಷ್ಟನ್ನೇ ತೆಗೆದು ಉಳಿಸಿಕೊಳ್ಳಲು ನೋಡಬೇಡಿ. ಪೂರ್ತಿ ಚೆಲ್ಲಿ.

ಆಮೇಲೆ ಪಾನೀಯ. ಒಂದು ಲೀಟರ್ ಶುಂಠಿ ಕಷಾಯಕ್ಕೆ 40 ಗ್ರಾಂ ಸಕ್ಕರೆ, ಎರಡು ನಿಂಬೆಯ ರಸ ಹಾಕಿ. ಪೂರ್ತಿ ಆರಿದ ಮೇಲೆ ಸೋಸಿದ ಹುದುಗು ನೀರು 60 ಮಿಲಿಲೀಟರ್ ಸೇರಿಸಿ. ಬಿಸಿ ಇರುವಾಗ ಹಾಕಿದರೆ ಯೀಸ್ಟ್ ಸಾಯುತ್ತದೆ. ಕೂಲ್‌ಡ್ರಿಂಕ್ಸ್ ಬಂದಿದ್ದ ಗಟ್ಟಿ ಪ್ಲಾಸ್ಟಿಕ್ ಬಾಟಲಿಗಳನ್ನು ತೊಳೆದು, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ.

ಪ್ಲಾಸ್ಟಿಕ್ ಬಾಟಲಿ ಎಂದು ಹೇಳಿದ್ದಕ್ಕೆ ಕಾರಣ ಇದೆ. ಅದನ್ನು ಅದುಮಿ ನೋಡಿದರೆ ಒಳಗಿನ ಒತ್ತಡ ಕೈಗೇ ಗೊತ್ತಾಗುತ್ತದೆ. ಗಾಜಿನ ಬಾಟಲಿಯಲ್ಲಿ ಹಾಗೆ ತಿಳಿಯಲು ದಾರಿಯಿಲ್ಲ. ಒತ್ತಡ ಮೀರಿದರೆ ಗಾಜು ಸಿಡಿದು ಚೂರುಗಳು ಕೋಣೆಯೆಲ್ಲ ಹಾರುತ್ತವೆ. ಜಾಮ್ ಬಾಟಲಿ, ಸಾಸ್ ಬಾಟಲಿಗಳಂತೂ ಇದಕ್ಕೆ ಮಾಡಿದವಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದುಮಿ ನೋಡಿ. ಒಂದರಿಂದ ಎರಡು ದಿನದಲ್ಲಿ ಬಾಟಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ತಕ್ಷಣ ಫ್ರಿಜ್‌ಗೆ ಹಾಕಿ. ಫ್ರಿಜ್‌ನಲ್ಲೂ ಹುದುಗುವಿಕೆ ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ವಾರದೊಳಗೆ ಕುಡಿದು ಮುಗಿಸಿ, ತೆರೆಯುವಾಗ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ.

ಒಂದು ಲೀಟರ್‌ಗೆ ಒಳ್ಳೆಯ ಗುಳ್ಳೆ ಬರಲು ಯೀಸ್ಟ್ ತಿನ್ನುವ ಸಕ್ಕರೆ 12ರಿಂದ 16 ಗ್ರಾಂ ಮಾತ್ರ. ಉಳಿದ ಸಕ್ಕರೆ ಪಾನೀಯದಲ್ಲೇ ಇರುತ್ತದೆ. ಅದೇ ಹೊತ್ತಿಗೆ ಸ್ವಲ್ಪ ಆಲ್ಕೋಹಾಲ್ ಕೂಡ ಹುಟ್ಟುತ್ತದೆ, ಶೇ 1ರ ಆಸುಪಾಸು ತಲುಪಬಹುದು. ಹೊರಗೆ ಜಾಸ್ತಿ ದಿನ ಬಿಟ್ಟರೆ ಇನ್ನೂ ಏರುತ್ತದೆ. ಈ ವಿಷಯವನ್ನು ಮುಚ್ಚಿಟ್ಟು ಯಾರಿಗೂ ಪಾನೀಯ ಕೊಡಬಾರದು. ಮಕ್ಕಳಿಗೆ, ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿರುವವರಿಗೆ, ಆಲ್ಕೋಹಾಲ್ ಮುಟ್ಟದವರಿಗೆ ಇದು ಬೇಡ. ಅವರಿಗೆಲ್ಲ ಸಿರಪ್ ಮತ್ತು ಸೋಡಾ ನೀರಿನ ಪಾನೀಯವೇ ಸರಿ.

ಸಿಹಿಯನ್ನು ಇಳಿಸುವ ಕ್ರಮ

ಸಕ್ಕರೆಯ ಬದಲು ಕೃತಕ ಸಿಹಿ ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ಮಧುಮೇಹ ಇರುವವರು ತಮ್ಮ ವೈದ್ಯರ ಮಾತಿನಂತೆ ನಡೆಯಲಿ. ಉಳಿದವರಿಗೆ ನನ್ನ ಅಭಿಪ್ರಾಯ, ಅದರ ಹಿಂದೆ ಹೋಗುವುದು ಬೇಡ. ತೂಕ ಇಳಿಸುವ ಉದ್ದೇಶಕ್ಕೆ ಇಂಥ ಸಿಹಿಕಾರಕಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಸಲಹೆ ಕೊಟ್ಟಿದೆ. ಮೇಲಾಗಿ ನಾಲಿಗೆ ಅದೇ ಜೋರು ಸಿಹಿಗೆ ಅಂಟಿಕೊಂಡೇ ಇರುತ್ತದೆ. ನಮಗೆ ಬೇಕಿರುವುದು ನಾಲಿಗೆಯನ್ನು ಕಡಿಮೆ ಸಿಹಿಗೆ ಒಗ್ಗಿಸುವುದು.

ಅದಕ್ಕೆ ಅವಸರ ಮಾಡಬೇಡಿ. ಮೊದಲ ವಾರ ಈಗ ಕುಡಿಯುವ ಕೂಲ್‌ಡ್ರಿಂಕ್ಸ್‌ಗೆ ಕಾಲುಭಾಗ ಸೋಡಾ ನೀರು ಬೆರೆಸಿ. ಗ್ಯಾಸ್ ಕಡಿಮೆಯಾಗುವುದಿಲ್ಲ, ಸಿಹಿ ಮಾತ್ರ ಇಳಿಯುತ್ತದೆ. ಎರಡನೇ ವಾರ ಅರ್ಧಕ್ಕರ್ಧ. ಮೂರನೇ ವಾರ ಮನೆಯ ಸಿರಪ್‌ಗೆ ಬನ್ನಿ, ಲೋಟಕ್ಕೆ 40 ಮಿಲಿಲೀಟರ್ ಹಾಕಿಕೊಳ್ಳಿ. ಆಮೇಲೆ ವಾರಕ್ಕೆ 5 ಮಿಲಿಲೀಟರ್‌ನಂತೆ ಇಳಿಸುತ್ತಾ ಬನ್ನಿ. ಕಣ್ಣಳತೆ ನಂಬಬೇಡಿ, ಕೆಮ್ಮಿನ ಸಿರಪ್ ಜೊತೆ ಬರುವ ಪುಟ್ಟ ಅಳತೆ ಲೋಟ ಇದಕ್ಕೆ ಹೇಳಿ ಮಾಡಿಸಿದ್ದು. ಮನೆಯಲ್ಲಿ ಮಕ್ಕಳಿದ್ದರೆ ಸಿರಪ್ ಅಳೆಯುವ, ಸೋಡಾ ಸುರಿಯುವ ಕೆಲಸ ಅವರಿಗೇ ಕೊಡಿ. ತಾವೇ ಬೆರೆಸಿದ್ದನ್ನು ಮಕ್ಕಳು ಖುಷಿಯಿಂದ ಕುಡಿಯುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಇದ್ಯಾವುದೂ ಬೇಡ, ಜೇನುತುಪ್ಪವಂತೂ ಕೊಡಲೇಬಾರದು. ಅದರಿಂದ ಶಿಶುಗಳಿಗೆ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಮನೆಯ ಪಾನೀಯಕ್ಕೂ ಹುಳಿ ಇದೆ, ಹಾಗಾಗಿ ಹಲ್ಲಿನ ಬಗ್ಗೆಯೂ ಹೇಳಬೇಕು. ಹುಳಿಯನ್ನು ಪಿಎಚ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಹಲ್ಲಿನ ಹೊರಪದರ ಪಿಎಚ್ 5.5ರ ಆಸುಪಾಸಿನಿಂದ ಕೆಳಗೆ ಸವೆಯಲು ಶುರುವಾಗುತ್ತದೆ. ಕೋಲಾದ ಪಿಎಚ್ ಸುಮಾರು 2.5, ನಿಂಬೆರಸದ್ದೂ 2ರಿಂದ 2.5. ಬರೀ ಸೋಡಾ ನೀರು ಅಷ್ಟು ಹುಳಿಯಲ್ಲ. ಗಂಟೆಗಟ್ಟಲೆ ಒಂದೊಂದೇ ಗುಟುಕು ಹೀರುವುದಕ್ಕಿಂತ ಊಟದ ಜೊತೆ ಕುಡಿದು ಮುಗಿಸುವುದು ಹಲ್ಲಿಗೆ ಒಳ್ಳೆಯದು. ಆಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ಕುಡಿದ ತಕ್ಷಣ ಬ್ರಷ್ ಮಾಡಬೇಡಿ, ಅರ್ಧ ಗಂಟೆಯಾದರೂ ಬಿಡಿ. ಬಾಯಾರಿಕೆಗೆ ನೀರೇ ಕುಡಿಯಿರಿ, ಇವೆಲ್ಲ ಆಸೆಯಾದಾಗ ಕುಡಿಯುವುದಕ್ಕೆ.

ಎಷ್ಟು ದಿನ ಇಡಬಹುದು?

ಅಂಗಡಿಯ ಸಿರಪ್ ತಿಂಗಳುಗಟ್ಟಲೆ ಕೆಡದೆ ಇರುವುದು ಅದರಲ್ಲಿ ಸಕ್ಕರೆ ವಿಪರೀತ ಇರುವುದರಿಂದ. ನಾವು ಸಕ್ಕರೆ ಇಳಿಸಿದ್ದೇವೆ, ಆದ್ದರಿಂದ ಬೇಗ ಕೆಡುತ್ತದೆ. ಶುಂಠಿ ಮತ್ತು ಕೋಲಾ ಸಿರಪ್ ಫ್ರಿಜ್‌ನಲ್ಲಿ ಒಂದು ವಾರ, ನಿಂಬೆ ಸಿಪ್ಪೆಯದ್ದು ನಾಲ್ಕೈದು ದಿನ, ತಣ್ಣೀರಿನ ಟೀ ಎರಡು ದಿನ. ವಿನೆಗರ್ ಇರುವುದು ಎರಡು ಮೂರು ವಾರ ತಾಳುತ್ತದೆ. ಸೋಡಾ ಹಾಕುವ ಮೊದಲೇ ಸಿರಪ್‌ನಲ್ಲಿ ಗುಳ್ಳೆ ಕಂಡರೆ, ಲೋಳೆಯಾದರೆ, ವಾಸನೆ ಬದಲಾದರೆ ಚೆಲ್ಲಿಬಿಡಿ.

ಜಾಸ್ತಿ ಮಾಡಿದ್ದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿಡಿ. ಮೊದಲು ಒಂದು ಗುಂಡಿಗೆ ಎಷ್ಟು ಮಿಲಿಲೀಟರ್ ಹಿಡಿಸುತ್ತದೆ ಎಂದು ಅಳೆದುಕೊಳ್ಳಿ, ಆಗ ಲೋಟಕ್ಕೆ ಎಷ್ಟು ತುಂಡು ಎಂಬ ಲೆಕ್ಕ ಸಿಗುತ್ತದೆ. ಗಟ್ಟಿಯಾದ ಮೇಲೆ ತುಂಡುಗಳನ್ನು ಡಬ್ಬಿಗೆ ಹಾಕಿ, ಮೇಲೆ ಹೆಸರು ಮತ್ತು ತಾರೀಕು ಬರೆದಿಡಿ. ಬೇಕಾದಾಗ ಲೋಟಕ್ಕೆ ತುಂಡು ಹಾಕಿ ಸೋಡಾ ಸುರಿದು ಐದು ನಿಮಿಷ ಬಿಟ್ಟರೆ ಸಿರಪ್ ಕರಗಿ ಪಾನೀಯ ತಂಪಾಗಿಯೂ ಇರುತ್ತದೆ, ಬೇರೆ ಐಸ್ ಬೇಕಾಗುವುದಿಲ್ಲ.